‘13’ ಅಂದರೆ ಯಾವ 13?

ನಮಸ್ಕಾರ.

ಎಕ್ಸ್.25 ನೆಟ್‌ವರ್ಕಿನಲ್ಲಿ (ಫೋನಿನಂತೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕರೆ ಮಾಡಿ ಮಾಹಿತಿ ಕಳಿಸುತ್ತಿದ್ದ ಹಳೆಯ ವ್ಯವಸ್ಥೆ) ಕರೆ ಕಡಿದಾಗ ಬರುವ ಕಾರಣದ ಕೋಡ್ ಮತ್ತು ಆ ಕಾರಣದ ವಿವರ ಕೊಡುವ ಡಯಾಗ್ನೋಸ್ಟಿಕ್ ಕೋಡ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮುಕ್ಕಾಲು ಪಾಲು ಬರೀ ಪಟ್ಟಿ. ಎಕ್ಸ್.25ರ ನಿಯಮ ಹೇಳುವ ಶಿಫಾರಸಿನ ಕೋಷ್ಟಕವನ್ನು ಕನ್ನಡಕ್ಕೆ ಇಳಿಸಿದರೆ ಅದು ಲೇಖನವಾಗುವುದಿಲ್ಲ.

ನಿಮ್ಮ ನಿಜವಾದ ಲೇಖನ ಕೊನೆಯ ಪ್ಯಾರಾದಲ್ಲಿ ಅಡಗಿದೆ, ಆದರೆ ಅದರಲ್ಲೇ ತಪ್ಪೂ ಇದೆ. ಶಾಖೆಯಿಂದ ನಿಮ್ಮ ಬ್ಯಾಂಕಿನ ಕಂಪ್ಯೂಟರ್ ಕೇಂದ್ರಕ್ಕೆ ಬರುವ ಕರೆ ಮತ್ತೆ ಮತ್ತೆ ಕಡಿಯುತ್ತಿತ್ತು, ಕೇಂದ್ರದ ಲಾಗ್‌ನಲ್ಲಿ (ಯಂತ್ರವೇ ಬರೆದಿಡುವ ದಾಖಲೆ) ‘13, 31’ ಎಂದಿತ್ತು, ಮೊದಲನೆಯದು ಕಾರಣ, ಎರಡನೆಯದು ಡಯಾಗ್ನೋಸ್ಟಿಕ್, ಅಂತ ಬರೆದಿದ್ದೀರಿ. 13ಕ್ಕೆ ‘ನಂಬರ್ ಸಿಗುತ್ತಿಲ್ಲ’ ಎಂದು ಅರ್ಥ ಹಚ್ಚಿ, 31 ಪಟ್ಟಿಯಲ್ಲಿ ಕಾಣದೆ ‘ನೆಟ್‌ವರ್ಕಿನವರಿಗೇ ಗೊತ್ತು’ ಎಂದು ಕೈತೊಳೆದುಕೊಂಡಿದ್ದೀರಿ. ಕರೆ ನಿಮ್ಮ ಬಾಗಿಲಿಗೇ ಬಂದಾಗಿದೆ. ನಂಬರ್ ಸಿಗುತ್ತಿಲ್ಲ ಎಂದು ನಿಮಗೇ ಹೇಳುವುದುಂಟೇ? ಅನುಮಾನ ಅಲ್ಲೇ ಬರಬೇಕಿತ್ತು.

ಲಾಗ್ ಹೆಕ್ಸ್‌ನಲ್ಲಿದೆ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆಯುವ ಸಂಖ್ಯೆ), ನಿಮ್ಮ ಪಟ್ಟಿ ದಶಮಾಂಶದಲ್ಲಿದೆ. ಹೆಕ್ಸ್ 13 ಅಂದರೆ 19: ಲೋಕಲ್ ಪ್ರೊಸೀಜರ್ ಎರರ್, ನಿಮ್ಮ ತುದಿಯಲ್ಲೇ ನಿಯಮ ತಪ್ಪಿದೆ ಎಂದು. ಹೆಕ್ಸ್ 31 ಅಂದರೆ 49: ಒಳಬರುವ ಕರೆಗೆ ಕಾದ ಟೈಮರ್ ಮುಗಿಯಿತು. ಅಂದರೆ ನೆಟ್‌ವರ್ಕ್ ಕರೆಯನ್ನು ನಿಮ್ಮ ಯಂತ್ರಕ್ಕೆ ತಲುಪಿಸಿ, 180 ಸೆಕೆಂಡ್ ಕಾದು, ಹೂಂ ಎಂಬ ಉತ್ತರವೂ ಇಲ್ಲ, ಊಹೂಂ ಎಂಬ ಉತ್ತರವೂ ಇಲ್ಲ ಎಂದು ಕಡಿದಿದೆ. ಅದೇ ಹೊತ್ತಿಗೆ ಶಾಖೆಯವರಿಗೆ ಹೋಗುವುದು ಹೆಕ್ಸ್ 11, ರಿಮೋಟ್ ಪ್ರೊಸೀಜರ್ ಎರರ್, ಆಚೆ ತುದಿಯಲ್ಲಿ ನಿಯಮ ತಪ್ಪಿದೆ ಎಂದು. ಅವರೂ ದಶಮಾಂಶದಲ್ಲಿ ಓದಿದ್ದರೆ ‘ಪ್ರವೇಶ ನಿಷಿದ್ಧ’ ಎಂದುಕೊಂಡು ಅನುಮತಿಗಾಗಿ ಅರ್ಜಿ ಹಾಕುತ್ತಿದ್ದರೇನೋ! ಒಂದೇ ಘಟನೆಯನ್ನು ಎರಡು ತುದಿಗಳಲ್ಲಿ ಎರಡು ಹೆಸರಿನಿಂದ ಕರೆಯುತ್ತಾರೆ ಎಂಬುದೇ ಇಲ್ಲಿ ಸ್ವಾರಸ್ಯ. ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ತಕರಾರು. ಡಯಾಗ್ನೋಸ್ಟಿಕ್ ಕೋಡನ್ನು ಒಂಟಿಯಾಗಿ ಓದಬಹುದು ಎಂಬಂತೆ ಬರೆದಿದ್ದೀರಿ. ಮೊದಲು ಕಾರಣ ನೋಡಬೇಕು. ಕಾರಣ 0 ಇದ್ದರೆ ಫೋನ್ ಇಟ್ಟದ್ದು ನೆಟ್‌ವರ್ಕ್ ಅಲ್ಲ, ಆಚೆ ತುದಿಯ ಯಂತ್ರವೇ. ಆಗ ಡಯಾಗ್ನೋಸ್ಟಿಕ್ ಅದು ಹಾಕಿದ ಸಂಖ್ಯೆ. ನೆಟ್‌ವರ್ಕಿನ ಪಟ್ಟಿ ಹಿಡಿದು ಅರ್ಥ ಹೇಳಿದರೆ ಅಪಾರ್ಥವೇ. ನೆಟ್‌ವರ್ಕೇ ಕಳಿಸಿದ್ದರೂ 128ರಿಂದ ಮೇಲಿನವು ಆಯಾ ನೆಟ್‌ವರ್ಕಿನ ಸ್ವಂತದವು.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸಂವಹನ ವೈಫಲ್ಯ ಸೂಚಕಾಂಕ’ದಂಥ ಪದ ಯಾವ ಇಂಜಿನಿಯರೂ ಆಡುವುದಿಲ್ಲ, ‘ಕೋಡ್’ ಸಾಕು.

ಆ ಶಾಖೆಯ ಕರೆಯಿಂದಲೇ ಶುರು ಮಾಡಿ, ಎರಡೂ ತುದಿಯ ಲಾಗ್ ಸಾಲುಗಳನ್ನು ಹಾಕಿ, ನಿಮ್ಮ ಯಂತ್ರ ಸುಮ್ಮನಿದ್ದದ್ದು ಏಕೆಂದು ಬರೆದು ಮತ್ತೆ ಕಳಿಸಿ. ಪಟ್ಟಿಯನ್ನು ತೆಗೆದುಬಿಡಿ. ಕಾರಣದ ಕೋಡ್ 57 ಒಂದನ್ನು ಮಾತ್ರ ಎಲ್ಲಾದರೂ ಉಳಿಸಿಕೊಳ್ಳಿ: ‘ಹಡಗು ಹಾಜರಿಲ್ಲ’. ಸಮುದ್ರದಲ್ಲಿರುವ ಹಡಗಿಗೂ ಒಂದು ಕೋಡ್ ಇಟ್ಟಿದ್ದರು ಎಂದು ಓದಿ ನನಗೆ ಖುಷಿಯಾಯಿತು.

ಇಂತಿ,
ಸಂಪಾದಕ