ಕೈ ಸಡಿಲಾದರೆ ಗಾಡಿಗೇನಾಗುತ್ತದೆ?

ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಒಬ್ಬ ತಾಯಿ ಬರೆದಿದ್ದಾರೆ: "ಒಂಬತ್ತನೆಯ ತರಗತಿಯಲ್ಲಿರುವ ಮಗಳಿಗೆ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಇದು. ವಸ್ತು ಚಲಿಸುತ್ತಿರುವ ದಿಕ್ಕಿನಲ್ಲೇ ಇರುವ ನಿವ್ವಳ ಬಲ ಕ್ರಮೇಣ ಕಡಿಮೆಯಾಗುತ್ತಿದ್ದರೆ ಅದರ ಜವ (ಸ್ಪೀಡು) ಏನಾಗುತ್ತದೆ? 'ಕಡಿಮೆಯಾಗುತ್ತದೆ' ಎಂದು ಬರೆದಳು. ತಪ್ಪೆಂದು ಗೀಟು ಬಿತ್ತು. ಅಂಗಳದಲ್ಲಿ ಅಡಿಕೆ ಚೀಲದ ಗಾಡಿ ದೂಡುವಾಗ ಕೈ ಸಡಿಲಿಸಿದರೆ ಗಾಡಿ ನಿಧಾನವಾಗುವುದನ್ನು ಅವಳು ನೋಡಿದ್ದಾಳೆ. ಕಣ್ಣಾರೆ ಕಂಡದ್ದು ಸುಳ್ಳೇ?"

ಸುಳ್ಳಲ್ಲ. ಗೀಟು ಬಿದ್ದದ್ದೂ ಸರಿಯೇ. ಎರಡೂ ಹೇಗೆ ಸರಿಯಾಗುತ್ತವೆ ಎಂಬುದನ್ನು ನಿಮ್ಮ ಗಾಡಿಯನ್ನೇ ಇಟ್ಟುಕೊಂಡು ನೋಡೋಣ.

ಚೀಲವೂ ಗಾಡಿಯೂ ಸೇರಿ 100 ಕಿಲೋ ಎಂದುಕೊಳ್ಳಿ. ಅಂಗಳದ ಘರ್ಷಣೆ ಹಿಂದಕ್ಕೆ 60 ನ್ಯೂಟನ್ ಬಲದಿಂದ ಎಳೆಯುತ್ತದೆ. ಮಗಳು 100 ನ್ಯೂಟನ್ ಬಲ ಹಾಕಿ ದೂಡಿದಾಗ ಗಾಡಿಗೆ ದಕ್ಕುವುದು 40 ಮಾತ್ರ. ಅದೇ ನಿವ್ವಳ ಬಲ. ಅದನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ಎಂದರೆ ಜವ ಸೆಕೆಂಡಿಗೆ ಎಷ್ಟು ಏರುತ್ತದೆ ಎಂಬ ಲೆಕ್ಕ, ಸಿಗುತ್ತದೆ: 0.4. ಅಂದರೆ ನಿಂತಿದ್ದ ಗಾಡಿ ಒಂದು ಸೆಕೆಂಡಿನಲ್ಲಿ ಸೆಕೆಂಡಿಗೆ 0.4 ಮೀಟರ್ ಜವಕ್ಕೆ ಬಂತು. ಎರಡನೆಯ ಸೆಕೆಂಡಿಗೆ ಕೈ ಸ್ವಲ್ಪ ಸಡಿಲಾಯಿತು, ದೂಡಿದ್ದು 80. ಉಳಿದದ್ದು 20. ಜವಕ್ಕೆ ಇನ್ನೂ 0.2 ಸೇರಿ 0.6 ಆಯಿತು. ಮೂರನೆಯ ಸೆಕೆಂಡಿಗೆ 70 ದೂಡಿದಳು, 10 ಉಳಿಯಿತು, ಜವ 0.7. ನೋಡಿ, ಕೈ ಸಡಿಲಾಗುತ್ತಲೇ ಇದೆ, ಗಾಡಿ ಜೋರಾಗುತ್ತಲೇ ಇದೆ. ಕುಗ್ಗಿದ್ದು ವೇಗೋತ್ಕರ್ಷ.

ಇನ್ನು 60ಕ್ಕೆ ಇಳಿಸಲಿ. ನಿವ್ವಳ ಬಲ ಸೊನ್ನೆ, ಗಾಡಿ 0.7ರಲ್ಲೇ ಸಾಗುತ್ತದೆ. 50ಕ್ಕೆ ಇಳಿಸಿದಾಗಲೇ ಘರ್ಷಣೆಯ ಕೈ ಮೇಲಾಗುವುದು, ಗಾಡಿ ನಿಧಾನವಾಗತೊಡಗುವುದು. ಮಗಳ ಕಣ್ಣು ಹಿಡಿದದ್ದು ಈ ಕೊನೆಯ ಘಟ್ಟವನ್ನು. ಅಲ್ಲಿ ನಿವ್ವಳ ಬಲ ಬರೀ ಕಡಿಮೆಯಾದದ್ದಲ್ಲ, ದಿಕ್ಕನ್ನೇ ತಿರುಗಿಸಿದೆ. ಪ್ರಶ್ನೆಯಲ್ಲಿದ್ದದ್ದು ನಿವ್ವಳ ಬಲ, ಅವಳು ಲೆಕ್ಕ ಹಿಡಿದದ್ದು ತನ್ನ ಕೈಯ ಬಲ. ಇದು ದಡ್ಡತನವಲ್ಲ. ಘರ್ಷಣೆ ಕಣ್ಣಿಗೆ ಕಾಣುವುದಿಲ್ಲ, ತೋಳಿನ ನೋವು ಮಾತ್ರ ಗೊತ್ತಾಗುತ್ತದೆ. ದೂಡಿದಷ್ಟೇ ಓಟ, ದೂಡದಿದ್ದರೆ ಓಟವಿಲ್ಲ ಎಂದು ಅರಿಸ್ಟಾಟಲನ ಕಾಲದಿಂದ ದೊಡ್ಡ ದೊಡ್ಡವರೇ ನಂಬಿದ್ದರು. ಗೆಲಿಲಿಯೊ ಅದನ್ನು ಅಲುಗಾಡಿಸಿದ, ನ್ಯೂಟನ್ 1687ರಲ್ಲಿ ನಿಯಮವಾಗಿ ಬರೆದಿಟ್ಟ.

ನಮ್ಮ ಊರಿನ ಮಕ್ಕಳಿಗೆ ನಾನು ಇದನ್ನು ಸುರಂಗದ ನೀರಿನಿಂದ ಹೇಳುತ್ತೇನೆ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ತೋಟದ ಕೆರೆಗೆ ಬೀಳುವುದನ್ನು ನೀವೂ ನೋಡಿರುತ್ತೀರಿ. ಮಳೆಗಾಲ ಕಳೆದಂತೆ ಒರತೆ ಸಪುರವಾಗುತ್ತದೆ. ಅದಕ್ಕೆಂದು ಕೆರೆಯ ನೀರು ಇಳಿಯುತ್ತದೆಯೇ? ನೀವು ತೋಟಕ್ಕೆ ಬಿಡದಿದ್ದರೆ ಅದು ಏರುತ್ತಲೇ ಇರುತ್ತದೆ, ಮೊದಲಿಗಿಂತ ನಿಧಾನವಾಗಿ. ಒರತೆ ನಿಂತರೆ ನೀರು ಇದ್ದಲ್ಲೇ ಇರುತ್ತದೆ. ಇಳಿಯಬೇಕಾದರೆ ಯಾರಾದರೂ ತೆಗೆಯಬೇಕು. ಒರತೆ ವೇಗೋತ್ಕರ್ಷ, ಕೆರೆಯಲ್ಲಿ ನಿಂತ ನೀರು ಜವ.

ಶಬ್ದಗಳ ತೊಡಕೊಂದು ಗಡಿನಾಡಿನ ಮಕ್ಕಳಿಗೆ ಹೆಚ್ಚಿನದು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ 'ವೇಗ' ಎಂದರೆ ದಿಕ್ಕೂ ಸೇರಿದ್ದು, ದಿಕ್ಕು ಬಿಟ್ಟರೆ 'ಜವ'. ಮಲಯಾಳದಲ್ಲಿ ದಿಕ್ಕಿಲ್ಲದ್ದೇ 'ವೇಗಂ', ದಿಕ್ಕಿರುವುದು 'ಪ್ರವೇಗಂ'. ವೇಗೋತ್ಕರ್ಷ ಅಲ್ಲಿ 'ತ್ವರಣಂ'. ಪಕ್ಕದ ಮನೆಯ ಗೆಳತಿಯ ಜೊತೆ ಕೂತು ಓದುವಾಗ ಒಂದೇ 'ವೇಗ' ಎರಡು ಅರ್ಥ ಕೊಡುತ್ತದೆ. ಮಗಳ ಪುಸ್ತಕದ ಕೊನೆಯ ಹಾಳೆಯಲ್ಲಿ ಇವನ್ನು ಅಕ್ಕಪಕ್ಕ ಬರೆಸಿಡಿ, ನಿಜವಾಗಿ ಉಪಕಾರವಾಗುತ್ತದೆ.

ಗಾಡಿಗಿಂತ ಚೆಂದದ ಉದಾಹರಣೆ ಆಟಿಯ ಮಳೆಯಲ್ಲಿದೆ. ಬೀಳಲು ಶುರುವಾದ ಹನಿಯ ವೇಗೋತ್ಕರ್ಷ ಸುಮಾರು 9.8. ಜವ ಏರಿದಂತೆ ಗಾಳಿಯ ತಡೆಯೂ ಏರುತ್ತದೆ, ಕೆಳಮುಖದ ನಿವ್ವಳ ಬಲ ಕುಗ್ಗುತ್ತ ಬರುತ್ತದೆ. ಆದರೂ ಹನಿ ಜೋರಾಗುತ್ತಲೇ ಹೋಗಿ, ತಡೆ ಹನಿಯ ಭಾರಕ್ಕೆ ಸಮವಾದಾಗ ಒಂದೇ ಜವದಲ್ಲಿ ಇಳಿಯುತ್ತದೆ. ಎರಡು ಮಿಲಿಮೀಟರ್ ಅಡ್ಡಗಲದ ಹನಿಗೆ ಅದು ಸೆಕೆಂಡಿಗೆ ಸುಮಾರು ಆರೂವರೆ ಮೀಟರ್. ಗಾಳಿಯೇ ಇಲ್ಲದೆ ಒಂದು ಕಿಲೋಮೀಟರ್ ಎತ್ತರದಿಂದ ಬಿದ್ದಿದ್ದರೆ 140 ಮೀಟರ್ ಆಗುತ್ತಿತ್ತು. ಅಂಥ ಮಳೆಯಲ್ಲಿ ಹಂಚೂ ಉಳಿಯದು, ವೀಳ್ಯದೆಲೆಯೂ ಉಳಿಯದು.

ಮಗಳಿಗೆ ನನ್ನದೊಂದು ಪ್ರಶ್ನೆ: ಮೇಲಕ್ಕೆ ಎಸೆದ ಅಡಿಕೆ ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ಮೇಲೆ ನಿವ್ವಳ ಬಲ ಎಷ್ಟು? ಸೊನ್ನೆ ಎಂದು ಬರೆಯುವ ಮೊದಲು ಕೆರೆಯನ್ನು ನೆನೆಯಲಿ. ಉತ್ತರವನ್ನು ಅವಳ ಕೈಬರಹದಲ್ಲೇ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ