ಮೂರು ಅಧ್ಯಾಯ ಬೇಡ, ಮೂರು ವಚನ ಸಾಕು

ಅಂಕೋಲಾದಿಂದ ಕಾರವಾರಕ್ಕೆ ದಿನಾ ಬಸ್ಸು, ಸಂಜೆ ಬಂದರೆ ಅಡುಗೆ, ಮಕ್ಕಳ ಪಾಠ. ಪ್ರಾರ್ಥನೆಗೆ ಸಮಯ ಸಿಗುತ್ತಿಲ್ಲ, ಕೂತರೂ ಮನಸ್ಸು ಓಡುತ್ತಲೇ ಇರುತ್ತದೆ ಎಂದು ಬರೆದಿದ್ದೀರಿ. ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿ ಹಿಡಿಯಲೋ, ರಜೆ ಹಾಕಿ ಧ್ಯಾನಕೂಟಕ್ಕೆ ಹೋಗಲೋ ಎಂದು ಕೇಳಿದ್ದೀರಿ. ಪಟ್ಟಿ ಹಿಡಿಯಬೇಡಿ. ನಾನು ಹಿಡಿದಿದ್ದೆ.

ನೋಡಲು ಲೆಕ್ಕ ಸುಲಭ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ವಾರದಲ್ಲಿ ಆರು ದಿನ ಮೂರು ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಸರಿಹೋಗುತ್ತದೆ. ಆದಿಕಾಂಡ, ವಿಮೋಚನಕಾಂಡ ಕಥೆಯ ಓಟದಲ್ಲಿ ಮುಗಿದುಬಿಡುತ್ತವೆ. ಜನವರಿ ಕೊನೆಗೆ ಬಲಿ, ಶುದ್ಧಿಯ ನಿಯಮಗಳೇ ತುಂಬಿರುವ ಯಾಜಕಕಾಂಡ ಬರುತ್ತದೆ, ಅಲ್ಲಿ ಕಾಲು ಹೂಳುತ್ತದೆ. ನಾಲ್ಕು ದಿನ ತಪ್ಪಿತೋ, 12 ಅಧ್ಯಾಯ ಬಾಕಿ. ಬಾಕಿ ತೀರಿಸಲು ಬೇಗ ಬೇಗ ಓದುತ್ತೀರಿ, ಬೇಗ ಓದಿದಾಗ ಕಣ್ಣು ಮಾತ್ರ ಓದುತ್ತದೆ. ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಒಳ್ಳೆಯ ಅಭ್ಯಾಸದ ವೇಷದಲ್ಲೇ ಬರುತ್ತದೆ. ಪಟ್ಟಿಯಲ್ಲಿ ಗುರುತು ಹಾಕಿದ ಮೇಲೆ ಸಿಗುವ ನೆಮ್ಮದಿಯನ್ನು ನಾನು ದೇವರು ಕೊಡುವ ನೆಮ್ಮದಿ ಅಂದುಕೊಂಡೆ. ಗುರುತು ಬೀಳದ ದಿನ ಶಿಲುಬೆಯ ಮುಂದೆ ನಿಲ್ಲಲೂ ಹಿಂಜರಿಕೆ, ಸಾಲ ಕೊಟ್ಟವರ ಅಂಗಡಿ ಮುಂದೆ ಹಾದುಹೋಗುವವರ ಹಾಗೆ. ಹೀಗೆ ನಾಲ್ಕು ವರ್ಷ ಹೋಯಿತು.

ಒಂದು ಉದಾಹರಣೆ ಕೊಡುತ್ತೇನೆ. ಯೊಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಶಿಷ್ಯರಿಗೆ ರಾತ್ರಿಯಿಡೀ ಬಲೆ ಬೀಸಿದರೂ ಒಂದು ಮೀನೂ ಸಿಗುವುದಿಲ್ಲ, ಬೆಳಗಾಗುವಾಗ ಯೇಸುವಿನ ಮಾತಿನಂತೆ ಬಲೆ ಬೀಸಿ, ತುಂಬಿದ ಬಲೆ ಎಳೆದುಕೊಂಡು ದಡಕ್ಕೆ ಬರುತ್ತಾರೆ. ಯೇಸು ದಡದಲ್ಲಿ ಕೆಂಡ ಮಾಡಿ, ಮೇಲೆ ಮೀನಿಟ್ಟು ಕಾಯುತ್ತಿರುತ್ತಾರೆ. ಅದಕ್ಕೆ ಮೂರು ಅಧ್ಯಾಯ ಮೊದಲು, 18ರಲ್ಲಿ, ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರನು ‘ನಾನು ಅವನ ಶಿಷ್ಯನಲ್ಲ’ ಎಂದು ಹೇಳುವಾಗ ಚಳಿ ಕಾಯಿಸುತ್ತ ನಿಂತಿದ್ದೂ ಕೆಂಡದ ಹತ್ತಿರವೇ. ಮೂಲ ಗ್ರೀಕಿನಲ್ಲಿ ಕೆಂಡದ ಬೆಂಕಿಗೆ ಇರುವ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. ಸೋತ ಜಾಗದ ವಾಸನೆಗೇ ಪೇತ್ರನನ್ನು ವಾಪಸು ಕರೆದು, ಬಾ, ಊಟ ಮಾಡು ಎನ್ನುತ್ತಾರೆ ಯೇಸು. ಪಟ್ಟಿಯ ಪ್ರಕಾರ ಈ ಎರಡು ಅಧ್ಯಾಯಗಳನ್ನು ನಾನು ಒಂದೇ ದಿನದ ಅಂತರದಲ್ಲಿ ದಾಟಿದ್ದೆ, ನಾಲ್ಕು ಸಲ. ಒಮ್ಮೆಯೂ ಕೆಂಡ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ನಷ್ಟ ಮನೆಯಲ್ಲಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಬೋಟು ಬಂದ್ ಇರುವಾಗ ಅಪ್ಪ ಜಗಲಿಯಲ್ಲಿ ಬಲೆ ಹೆಣೆಯುತ್ತ ಏನಾದರೂ ಮಾತು ತೆಗೆಯುತ್ತಿದ್ದರು. ನಾನು ಬೈಬಲಿನಿಂದ ತಲೆ ಎತ್ತದೆ ‘ಇನ್ನೊಂದು ಅಧ್ಯಾಯ’ ಎಂದು ಬೆರಳು ತೋರಿಸುತ್ತಿದ್ದೆ. ಮುಂದಿನ ಜೂನ್‌ಗೆ ಅಪ್ಪ ಇರಲಿಲ್ಲ.

ಹಾಗಾಗಿ ‘ಸಮಯ ಸಿಗುತ್ತಿಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗೆ ಇರುವ ಹೊತ್ತು ಸಾಕು. ಅದರೊಳಗೆ ತುಂಬಿರುವುದನ್ನು ಇಳಿಸಬೇಕು. ಧ್ಯಾನಕೂಟ ಒಳ್ಳೆಯದೇ, ಆದರೆ ದಿನದ ರೂಢಿ ಇಲ್ಲದೆ ಹೋದರೆ ಅಲ್ಲಿ ತುಂಬಿಕೊಂಡು ಬಂದದ್ದು ವಾರದೊಳಗೆ ಸೋರಿಹೋಗುತ್ತದೆ. ಆರು ತಿಂಗಳು ಕೆಳಗಿನದನ್ನು ಮಾಡಿ, ಆಮೇಲೆ ಹೋಗಿ.

ಬೆಳಿಗ್ಗೆ 12 ನಿಮಿಷ. ಹಾಸಿಗೆಯ ಮೇಲೆ ಬೇಡ, ನಿದ್ದೆ ಎಳೆಯುತ್ತದೆ. ಬೆನ್ನು ನೆಟ್ಟಗಿರುವ ಕುರ್ಚಿ, ಪಾದ ನೆಲಕ್ಕೆ. ಕಾಗದದ ಬೈಬಲ್, ಫೋನಿನಲ್ಲಿ ಓದಿದರೆ ಮೂರನೇ ವಚನಕ್ಕೆ ವಾಟ್ಸಾಪ್ ಬರುತ್ತದೆ, ಫೋನು ಬೇರೆ ಕೋಣೆಯಲ್ಲಿರಲಿ. ಪಕ್ಕದಲ್ಲಿ ಒಂದು ಚೀಟಿ, ಪೆನ್ನು. ಮೊದಲ ಮೂರು ನಾಲ್ಕು ನಿಮಿಷ ಗ್ಯಾಸ್ ಬುಕಿಂಗ್, ಶಾಲೆಯ ಫೀಸು, ಸಾಲದ ಕಂತು ಎಲ್ಲ ಸಾಲಾಗಿ ಬರುತ್ತವೆ. ಅವುಗಳೊಡನೆ ಜಗಳ ಬೇಡ, ಒಂದೊಂದೇ ಪದದಲ್ಲಿ ಬರೆದಿಟ್ಟು ಮರಳಿ ಬನ್ನಿ. ಬರೆದದ್ದನ್ನು ಮನಸ್ಸು ಮತ್ತೆ ಮತ್ತೆ ನೆನಪಿಸುವುದಿಲ್ಲ.

ಓದುವುದು ಎರಡು ಮೂರು ವಚನ. ಒಮ್ಮೆ ಬಾಯಿಬಿಟ್ಟು, ಒಮ್ಮೆ ಮೆಲ್ಲಗೆ, ಒಮ್ಮೆ ಮೌನವಾಗಿ. ಯಾವ ಪದ ತಡೆದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ, ಮುಂದಿನ ವಚನ ನಾಳೆಗೆ. 12ನೇ ಶತಮಾನದ ಸನ್ಯಾಸಿ ಎರಡನೇ ಗಿಗೊ ಇದನ್ನು ನಾಲ್ಕು ಮೆಟ್ಟಿಲಾಗಿ ಹೇಳಿದರು: ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಧ್ಯಾನ ಆ ಸಿಹಿಯೇ. ನಮ್ಮ ಕುಚ್ಚಲಕ್ಕಿ ಅನ್ನದ ಹಾಗೆ, ಅಗಿದಷ್ಟೂ ಸಿಹಿ.

ಏನೂ ಅನ್ನಿಸದ ದಿನಗಳು ಬಂದೇ ಬರುತ್ತವೆ. ಹೆಚ್ಚಿನವರು ಬಿಡುವುದೇ ಆಗ. ಯೇಸುಸಭೆ ಎಂಬ ಗುರುಗಳ ಸಂಘ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ಇದಕ್ಕೆ ಕೊಟ್ಟ ಉಪಾಯ ಖಡಕ್ಕಾಗಿದೆ: ಒಣಗಿದ ದಿನ ನಿಗದಿಪಡಿಸಿದ್ದಕ್ಕಿಂತ ಕೊಂಚ ಹೆಚ್ಚು ಕೂರು. ನಿಮ್ಮ 12 ಆ ದಿನ 13 ಆಗಲಿ. ಬೇಸರ ಬಂದಾಗ ಎದ್ದುಹೋಗುವುದನ್ನು ಒಮ್ಮೆ ಕಲಿತರೆ ಮಾರನೇ ದಿನ ಬೇಸರ ಐದನೇ ನಿಮಿಷಕ್ಕೇ ಬರುತ್ತದೆ.

ಬಸ್ಸಿನಲ್ಲಿ ಅವರ್ಸಾ ಬರುವವರೆಗೆ ಇಯರ್‌ಫೋನ್ ಬೇಡ. ಇಗ್ನೇಷಿಯಸರದೇ ಇನ್ನೊಂದು ಪದ್ಧತಿ ಇಲ್ಲಿಗೆ ಹೇಳಿ ಮಾಡಿಸಿದಂತಿದೆ: ಕರ್ತರ ಪ್ರಾರ್ಥನೆಯನ್ನು ಉಸಿರಿಗೊಂದು ಪದದಂತೆ ಮನಸ್ಸಿನಲ್ಲೇ ಹೇಳುವುದು. ಕನ್ನಡದಲ್ಲಿ ಅದು ಮೂವತ್ತೈದು ಪದಗಳ ಆಸುಪಾಸು, ಮೂರು ನಿಮಿಷದ ಕೆಲಸ. ‘ಪರಲೋಕದಲ್ಲಿರುವ’ ಒಂದೇ ಪದ ಇಡೀ ಉಸಿರನ್ನು ತುಂಬುತ್ತದೆ. ‘ನಮ್ಮ’ ಚಿಕ್ಕದು, ಉಳಿದ ಉಸಿರು ಖಾಲಿ. ಆ ಖಾಲಿಯಲ್ಲಿ ಪಕ್ಕದ ಸೀಟಿನವರು, ಬುಟ್ಟಿ ಹಿಡಿದು ನಿಂತ ಮೀನಿನಮ್ಮ, ಕಂಡಕ್ಟರು ಎಲ್ಲ ಆ ‘ನಮ್ಮ’ದೊಳಗೆ ಬರುತ್ತಾರೆ. ಉಸಿರನ್ನು ಬಲವಂತದಿಂದ ಎಳೆಯಬೇಡಿ, ತಲೆ ತಿರುಗುತ್ತದೆ. ಬರುವ ಉಸಿರಿಗೆ ಪದ ಕೂರಿಸಿ.

ಸಂಜೆ ಜಪಸರ, ಅಂದರೆ ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ. ಅದರ ಐದು ರಹಸ್ಯಗಳನ್ನು, ಅಂದರೆ ಯೇಸು, ಮರಿಯಮ್ಮನವರ ಬದುಕಿನ ಐದು ಘಟನೆಗಳನ್ನು, 12 ನಿಮಿಷದಲ್ಲಿ ಓಡಿಸುವುದಕ್ಕಿಂತ ಒಂದೇ ರಹಸ್ಯ, ಹತ್ತು ‘ನಮೋ ಮರಿಯಾ’ ಸಾಕು, ಪ್ರತಿಸಲ ಯೇಸುವಿನ ಹೆಸರು ಬಂದಾಗ ಒಂದು ಉಸಿರು ನಿಂತು. ಮನೆಮಂದಿಯೆಲ್ಲ ಕೂಡಿ ಪೂರ್ತಿ ಜಪಸರ ಹೇಳುವ ಮನೆಯಾದರೆ ಅದನ್ನು ಮುರಿಯಬೇಡಿ, ನಿಮ್ಮೊಬ್ಬರ ಜಪಕ್ಕೆ ಮಾತ್ರ ಇದು. ಮನೆಮಾತು ಕೊಂಕಣಿಯಾದರೆ ಕೊಂಕಣಿಯಲ್ಲೇ ಹೇಳಿ. ನೋವಾದಾಗ ಬಾಯಿಗೆ ಬರುವ ಭಾಷೆ ಯಾವುದೋ ಅದರಲ್ಲಿ ಪ್ರಾರ್ಥನೆ ಬೇಗ ಆಳಕ್ಕಿಳಿಯುತ್ತದೆ ಎಂದು ನನ್ನ ಗಟ್ಟಿ ನಂಬಿಕೆ.

ರಾತ್ರಿ ಐದು ನಿಮಿಷ ದಿನವನ್ನು ತಿರುಗಿ ನೋಡುವುದು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಆದದ್ದರ ಮೇಲೆ ಒಂದು ಕಣ್ಣು, ತಪ್ಪಿಗೆ ಕ್ಷಮೆ, ನಾಳೆಗೆ ಒಂದು ಸಣ್ಣ ನಿರ್ಧಾರ. ಶುರುವಿಗೆ ಕೃತಜ್ಞತೆಯೇ ಇರಲಿ. ತಪ್ಪಿನಿಂದ ಶುರು ಮಾಡಿದರೆ ಮತ್ತೆ ಬಾಕಿ ಲೆಕ್ಕದ ಪುಸ್ತಕ ತೆರೆಯುತ್ತದೆ.

ಭಾನುವಾರ ಪೂಜೆಗೆ ಹತ್ತು ನಿಮಿಷ ಮೊದಲು ಹೋಗಿ ಕೂತುಕೊಳ್ಳಿ. ಪೂಜೆ ಮುಗಿದ ಮೇಲೂ ಐದು ನಿಮಿಷ. ಪರಮಪ್ರಸಾದ ಇನ್ನೂ ನಾಲಿಗೆಯ ಮೇಲಿರುವಾಗಲೇ ಬಂಗಡೆಗೆ ರೇಟು ಎಷ್ಟಿರಬಹುದು ಎಂದು ಮಾರ್ಕೆಟ್ಟಿನತ್ತ ಓಡುವ ಅಭ್ಯಾಸ ನಮ್ಮ ಕಡೆ ಇದೆ. ಐದು ನಿಮಿಷಕ್ಕೆ ಮೀನು ಖಾಲಿಯಾಗುವುದಿಲ್ಲ.

ಇವನ್ನೆಲ್ಲ ನಾಳೆಯೇ ಶುರು ಮಾಡಬೇಡಿ, ಮಾಡಿದರೆ ಇದೂ ಒಂದು ಪಟ್ಟಿಯಾಗುತ್ತದೆ. ಮೊದಲ ತಿಂಗಳು ಬೆಳಗಿನ 12 ನಿಮಿಷ ಮಾತ್ರ. ಯೊಹಾನ 21ರ ಮೊದಲ 14 ವಚನ ತೆಗೆದುಕೊಳ್ಳಿ, ಒಂದು ವಾರಕ್ಕೆ ಬರುತ್ತದೆ, ಎರಡು ವಾರ ಹಿಡಿದರೂ ಚಿಂತೆಯಿಲ್ಲ. ತಪ್ಪಿದ ದಿನ ತಪ್ಪಿತು, ಮಾರನೇ ದಿನ ಎರಡು ಸಲ ಕೂರಬೇಡಿ. ಓದುವ ಮಧ್ಯೆ ಮನೆಯವರು ಯಾರಾದರೂ ಬಂದು ಮಾತಾಡಿಸಿದರೆ ಪುಸ್ತಕ ಮುಚ್ಚಿಟ್ಟು ಅವರ ಮುಖ ನೋಡಿ ಉತ್ತರ ಕೊಡಿ, ಆಮೇಲೆ ಅದೇ ವಚನಕ್ಕೆ ಬನ್ನಿ.