ಅದೇ ಜಾಗದಲ್ಲಿ ನಾಲ್ಕನೇ ಸಲ ಕುರು

ಪ್ರಶ್ನೆ: ನನಗೆ 27 ವರ್ಷ. ದಾವಣಗೆರೆಯ ಸೀರೆ ಅಂಗಡಿಯಲ್ಲಿ ಕೆಲಸ. ಬಲಗಂಕುಳಲ್ಲಿ ಗಂಟು ಎದ್ದು, ಮೇಲಿನ ಕಪಾಟಿನ ಸೀರೆ ತೆಗೆಯಲು ಕೈ ಎತ್ತಲೂ ಆಗುವುದಿಲ್ಲ. ಎಂಟು ಹತ್ತು ದಿನಕ್ಕೆ ಒಡೆದು ಕೀವು ಬಂದು ಒಣಗುತ್ತದೆ. ಒಂದೂವರೆ ವರ್ಷದಲ್ಲಿ ಇದು ನಾಲ್ಕನೇ ಸಲ. ಅಮ್ಮ ಉಷ್ಣ ಎಂದು ಸುಣ್ಣ-ಬೆಲ್ಲ ಹಚ್ಚುತ್ತಾರೆ. ಪಕ್ಕದ ಮನೆಯವರು ಕ್ಯಾನ್ಸರ್ ಇರಬಹುದು ಎಂದ ಮೇಲೆ ನಿದ್ದೆಯಿಲ್ಲ. ಸರಿಯಾಗಿ ಸ್ನಾನ ಮಾಡುವುದಿಲ್ಲ ಅಂದುಕೊಂಡಾರು ಎಂದು ಡಾಕ್ಟರಿಗೆ ತೋರಿಸಲು ನಾಚಿಕೆ.
– ಹೆಸರು ಬೇಡ

ಉತ್ತರ: ಮೊದಲು ನಿದ್ದೆ ಮಾಡಿ. ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಗಟ್ಟಿಯಾಗಿ ಇದ್ದಲ್ಲೇ ಬೆಳೆಯುತ್ತದೆ. ಹೀಗೆ ಊದಿ, ಹಣ್ಣಾಗಿ, ಒಡೆದು, ಒಣಗಿ ಮತ್ತೆ ಏಳುವುದು ಅದರ ರೀತಿಯಲ್ಲ.

ಒಂದು ಸಲ ಎದ್ದು ಹೋಗಿದ್ದರೆ ಮಾಮೂಲಿ ಕುರು ಎನ್ನುತ್ತಿದ್ದೆ. ಶೇವ್ ಮಾಡಿದಾಗ ಆಗುವ ಸಣ್ಣ ಗೀರಿನೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಸಾಕು. ಆದರೆ ನಿಮ್ಮ ಪತ್ರದಲ್ಲಿ ‘ನಾಲ್ಕನೇ ಸಲ’ ಎಂಬಲ್ಲಿ ನಾನು ಗೆರೆ ಎಳೆದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಎದ್ದರೆ ಹೈಡ್ರಾಡಿನೈಟಿಸ್ ಸಪ್ಪುರೇಟಿವಾ ಇದೆಯೇ ಎಂದು ನೋಡಬೇಕು. ಹೆಸರು ಬಾಯಿಗೆ ಹತ್ತುವುದಿಲ್ಲ ಬಿಡಿ, ನಾವೂ ಎಚ್.ಎಸ್. ಎಂದು ಮುಗಿಸುತ್ತೇವೆ. ಕೂದಲ ಬುಡ ಮುಚ್ಚಿಕೊಂಡು ಚರ್ಮದ ಒಳಗೇ ಒಡೆಯುತ್ತದೆ, ಸುತ್ತ ಬಾವು ಬರುತ್ತದೆ. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಜಾಸ್ತಿ. ಎಷ್ಟೋ ಜನಕ್ಕೆ ಶುರುವಾಗುವುದು ನಿಮ್ಮ ವಯಸ್ಸಿನ ಆಸುಪಾಸಿನಲ್ಲೇ. ಇದು ಕೊಳೆಯಿಂದ ಬರುವುದಲ್ಲ, ಯಾರಿಗೂ ಅಂಟುವುದೂ ಇಲ್ಲ. ಹಲವರು ನಿಮ್ಮ ಹಾಗೆ ನಾಚಿಕೊಳ್ಳುವುದರಿಂದಲೂ ಕಾಯಿಲೆಯ ಹೆಸರು ತಿಳಿಯುವ ಹೊತ್ತಿಗೆ ವರ್ಷಗಳು ಕಳೆದು, ಒಳಗೆ ಸುರಂಗದಂಥ ದಾರಿಯಾಗಿ ಕಲೆ ಉಳಿದಿರುತ್ತದೆ.

ಗಂಟು ಇರುವಾಗಲೇ ಚರ್ಮದ ಡಾಕ್ಟರ ಬಳಿ ಹೋಗಿ. ಒಣಗಿದ ಮೇಲೆ ಹೋದರೆ ನೋಡಲು ಏನೂ ಇರುವುದಿಲ್ಲ, ಅಲ್ವಾ? ಹಿಂದಿನ ಮೂರು ಸಲ ಯಾವಾಗ ಎದ್ದಿತ್ತು ಎಂದು ಬರೆದುಕೊಂಡು ಹೋಗಿ. ರಕ್ತದ ಸಕ್ಕರೆ ಪರೀಕ್ಷೆಯನ್ನೂ ಕೇಳಿ, ಪದೇ ಪದೇ ಕುರು ಏಳುವುದು ಸಕ್ಕರೆ ಕಾಯಿಲೆಯ ಮೊದಲ ಸುಳಿವು ಆಗಿರಬಹುದು. ಎಚ್.ಎಸ್. ಎಂದಾದರೆ ಕ್ಲಿಂಡಮೈಸಿನ್ ಲೋಶನ್, ವಾರಗಟ್ಟಲೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದುಂಟು. ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬ್ ಬೇಡ, ಅದರಲ್ಲಿ ಸ್ಟಿರಾಯ್ಡ್ ಇರಬಹುದು.

ಅಲ್ಲಿಯವರೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಶಾಖ ಕೊಡಿ. ರೇಜರ್, ಕೂದಲು ತೆಗೆಯುವ ಕ್ರೀಮು, ಡಿಯೋಡರೆಂಟ್ ನಿಲ್ಲಿಸಿ. ಬ್ಲೌಸಿನ ತೋಳು ಸಡಿಲ ಮಾಡಿಸಿ. ಸುಣ್ಣ ಚರ್ಮ ಸುಡುತ್ತದೆ ಎಂದು ಅಮ್ಮನಿಗೆ ಹೇಳಿ, ಬೆಲ್ಲ ಹೋಳಿಗೆಗೆ ಇರಲಿ.

ಹಿಸುಕಬೇಡಿ. ಹೌಸ್ ಸರ್ಜನ್ ಆಗಿದ್ದಾಗ ನನಗೂ ಅಲ್ಲೇ ಒಂದು ಎದ್ದಿತ್ತು. ಡಾಕ್ಟರ್ ಅಲ್ಲವೇ ನಾನು, ಹಾಸ್ಟೆಲಿನ ಕನ್ನಡಿ ಮುಂದೆ ನಿಂತು ಹಿಸುಕಿದೆ. ಗೋಲಿಯಷ್ಟಿದ್ದದ್ದು ಎರಡು ದಿನದಲ್ಲಿ ನಿಂಬೆಹಣ್ಣಿನಷ್ಟಾಗಿ ಚಳಿಜ್ವರ ಬಂತು. ಕೊನೆಗೆ ಸಹಪಾಠಿಯೇ ಕುಯ್ದು ಕೀವು ತೆಗೆದ. ಒಳಗೆ ಕೀವು ತುಂಬಿದ ಮೇಲೆ ಬರೀ ಮಾತ್ರೆಯಿಂದ ಆಗುವುದಿಲ್ಲ.

ಕಂಕುಳ ಗಂಟೆಲ್ಲ ಇದೇ ಅಲ್ಲ. ಕೈಗೆ ಗಾಯವಾದರೆ, ಬೆಕ್ಕು ಪರಚಿದರೆ ಅಲ್ಲಿನ ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಊದುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಕೆಲವರಿಗೂ ಹೀಗಾಗಿತ್ತು. ಸಂಜೆ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಕ್ಷಯ ಇದೆಯೇ ಎಂದು ನೋಡಬೇಕು. ನೋವಿಲ್ಲದ ಗಟ್ಟಿ ಗಂಟು ಎರಡು ಮೂರು ವಾರವಾದರೂ ಕರಗದಿದ್ದರೆ ಸ್ತನದ ಪರೀಕ್ಷೆಯೂ ಆಗಲಿ.

ಜ್ವರ ಬಂದರೆ, ಕೆಂಪು ತೋಳಿಗೋ ಎದೆಗೋ ಹರಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೇಲಿನ ಕಪಾಟಿನ ಸೀರೆ ಈ ವಾರ ಬೇರೆ ಯಾರಾದರೂ ತೆಗೆಯಲಿ.